ಮುಖಕ್ಕಿಂತ ಮೊದಲು ಬೆನ್ನು

ಮುಖಪುಟ ಮಾಡಿಕೊಡಿ ಎಂದು ಬಂದವರನ್ನು ನಾನು ಮೊದಲು ಕೇಳುವುದು ಕಾಗದದ ಬಗ್ಗೆ. ಒಳಪುಟಕ್ಕೆ ಯಾವ ಕಾಗದ, ಎಷ್ಟು ಜಿಎಸ್‌ಎಂ, ಒಟ್ಟು ಎಷ್ಟು ಪುಟ, ಹೊಲಿಗೆಯೋ ಅಂಟಿನ ಪರ್ಫೆಕ್ಟ್ ಬೈಂಡಿಂಗೋ? ಬಂದವರ ಕೈಯಲ್ಲಿ ಫೋಟೊ ಇರುತ್ತದೆ, ಶೀರ್ಷಿಕೆ ಇರುತ್ತದೆ, ಬೆನ್ನುಡಿಯೂ ಬರೆಸಿ ಆಗಿರುತ್ತದೆ. ಪುಸ್ತಕ ಎಷ್ಟು ದಪ್ಪ ಬರುತ್ತದೆ ಎಂಬುದೊಂದು ಮಾತ್ರ ಗೊತ್ತಿರುವುದಿಲ್ಲ. ಆ ಅಳತೆ ಕೈಗೆ ಬಾರದೆ ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನೂ ಎಳೆಯಬಾರದು ಎಂಬುದು ನನ್ನ ಹಟ.

ಹುಲಕೋಟಿಯಲ್ಲಿ ಕೂತವನಿಗೆ ಈ ಹಟ ಬೇಕೇ ಬೇಕು. ಸಂಘ-ಸಂಸ್ಥೆಗಳ ನೆಲ ಇದು. 1905ರಲ್ಲೇ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮದೇ ತಾಲ್ಲೂಕು, ಕೆ.ಎಚ್. ಪಾಟೀಲರು ಸಹಕಾರದ ಬಲದಿಂದಲೇ ಈ ಊರನ್ನು ನಿಲ್ಲಿಸಿದವರು. ಸಂಘಗಳೆಂದ ಮೇಲೆ ಬೆಳ್ಳಿಹಬ್ಬ, ವಜ್ರಮಹೋತ್ಸವ, ಶತಮಾನೋತ್ಸವ; ಅದಕ್ಕೊಂದು ಸ್ಮರಣ ಸಂಚಿಕೆ. ಮಠದಿಂದ ಪ್ರವಚನದ ಪುಸ್ತಕ, ನಿವೃತ್ತ ಮಾಸ್ತರರಿಗೆ ಅಭಿನಂದನ ಗ್ರಂಥ. ಹತ್ತು-ಹನ್ನೆರಡು ಕಿಲೊಮೀಟರ್ ಆಚೆಗಿನ ಗದಗ ಮೊದಲಿನಿಂದಲೂ ಅಚ್ಚಿನ ಊರು. ಶಾಬಾದಿಮಠ ಬುಕ್ ಡಿಪೋದ ಪುಸ್ತಕ, ಸಂಕೇಶ್ವರ ಮನೆತನದ ಪ್ರೆಸ್ಸಿನ ನಿಘಂಟು ಕಾಣದ ಮನೆ ಈ ಸೀಮೆಯಲ್ಲಿ ಕಡಿಮೆ. ಇಷ್ಟೆಲ್ಲ ಅಚ್ಚಾಗುವ ಕಡೆ ಪುಸ್ತಕದ ಬೆನ್ನನ್ನು ಹೀಗೆ ಕೈಬಿಟ್ಟಿದ್ದೇವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಡೆಮಿ 1/8 ಪುಸ್ತಕ ಕತ್ತರಿಸಿದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮಿಲಿಮೀಟರಿನಲ್ಲಿ 140 ಮತ್ತು 216. ಪುಟ 240 ಎಂದರೆ ಹಾಳೆ 120. 70 ಜಿಎಸ್‌ಎಂ ಮ್ಯಾಪ್‌ಲಿಥೊ ಹಾಳೆಯ ದಪ್ಪ ಸುಮಾರು 0.09 ಮಿ.ಮೀ.; ಎಲ್ಲ ಸೇರಿ 10.8. ಹೊದಿಕೆಯ 300 ಜಿಎಸ್‌ಎಂ ಆರ್ಟ್ ಕಾರ್ಡು ಎರಡೂ ಮಗ್ಗುಲು ಸೇರಿ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು ಸೇರಿಸುತ್ತದೆ. ಬೆನ್ನು ಹನ್ನೊಂದೂವರೆ ಮಿ.ಮೀ. ಎಂದಿಟ್ಟುಕೊಳ್ಳಿ. ಎಡಕ್ಕೆ ಹಿಂಬದಿ 140, ನಡುವೆ ಬೆನ್ನು 11.5, ಬಲಕ್ಕೆ ಮುಂಬದಿ 140, ಎರಡೂ ತುದಿಗೆ ಬ್ಲೀಡ್ (ಕತ್ತರಿಗೆ ಹೋಗುವ ಹೆಚ್ಚಿನ ಬಣ್ಣ) 3-3: ಒಟ್ಟು ಅಗಲ 297.5. ಎತ್ತರ 216ಕ್ಕೆ ಮೇಲೆ ಕೆಳಗೆ ಮೂರು ಮೂರು ಸೇರಿ 222. ಮುಖ, ಬೆನ್ನು, ಹಿಂಬದಿ ಎಂದು ಮೂರು ಚಿತ್ರ ಮಾಡಿ ಜೋಡಿಸುವವರಿದ್ದಾರೆ. ಹಾಗೆ ಮಾಡಬಾರದು. ಇದು ಮಡಿಕೆ ಬೀಳುವ ಒಂದೇ ಹಾಳೆ, ಒಂದೇ ಚಿತ್ರ.

ಕೆಡುವುದು ಎಲ್ಲಿ ಎಂದರೆ ಕಾಗದ ಬದಲಾದಾಗ. ಒಂದು ಸಂಸ್ಥೆಯ ಸ್ಮರಣ ಸಂಚಿಕೆ. ಇದೇ ಲೆಕ್ಕ, ಬೆನ್ನಿಗೆ ಕೆಂಪು ಪಟ್ಟಿ, ಮುಂಬದಿ ಹಿಂಬದಿ ಕೆನೆ ಬಣ್ಣ. ಹೊದಿಕೆ ಅಚ್ಚಾಗಿ ಲ್ಯಾಮಿನೇಷನ್ನೂ ಮುಗಿದಿತ್ತು. ಆಗ ಬೈಂಡರ್ ಫೋನು ಮಾಡಿದರು: “ಸರ, ಹಾಳಿ ಬದಲಾಗೇತ್ರಿ. ಮ್ಯಾಪ್‌ಲಿಥೊ ಸಿಗಲಿಲ್ಲಂತ ಬಲ್ಕಿ ಹಾಕ್ಯಾರ. ಬೆನ್ನ ಊದೇತಿ, ನಿಮ್ಮ ಕೆಂಪ ಪಟ್ಟಿ ಸಾಲೂದಿಲ್ಲ.” ತೂಕ ಅದೇ 70 ಜಿಎಸ್‌ಎಂ, ಆದರೆ ಬಲ್ಕಿ ಎನ್.ಎಸ್. ಕಾಗದ ಹಾಳೆಗೆ 0.11 ಮಿ.ಮೀ. ದಪ್ಪ. ಬೆನ್ನು ಹೆಚ್ಚುಕಡಿಮೆ ಹದಿನಾಲ್ಕು ಮಿ.ಮೀ. ಆಯಿತು. ಕೆಂಪಿನ ಎರಡೂ ಕಡೆ ಒಂದೊಂದು ಮಿಲಿಮೀಟರಿಗೂ ಮೀರಿ ಕೆನೆ ಬಣ್ಣ ಬೆನ್ನ ಮೇಲೆ ಬಂದು ಕೂತಿತು, ಕತ್ತರಿಗೆ ಹೋಗಬೇಕಿದ್ದ ಬ್ಲೀಡು ಅಷ್ಟೇ ಮುಂಬದಿಯ ಹೊರ ಅಂಚಿನಲ್ಲಿ ಉಳಿಯಿತು. ಜಿಎಸ್‌ಎಂ ಹೇಳುವುದು ತೂಕ, ದಪ್ಪವನ್ನಲ್ಲ. ಇಷ್ಟು ತಿಳಿದಿದ್ದರೆ ಕಾಗದ ಬದಲಿಸುವ ಮುಂಚೆಯೇ ಆ ಫೋನು ಬರುತ್ತಿತ್ತು. ಅದೇ ಕಾಗದದ, ಅಷ್ಟೇ ಪುಟದ ಒಂದು ಖಾಲಿ ಡಮ್ಮಿಯನ್ನು ಬೈಂಡರ್ ಕೈಯಿಂದ ಕಟ್ಟಿಸಿ, ಅಳೆದು, ಆಮೇಲೆ ಹೊದಿಕೆಗೆ ಕೂರುವುದೇ ಸರಿಯಾದ ದಾರಿ. ಅದಕ್ಕೆ ಆಗುವ ಖರ್ಚು ಏನೇನೂ ಅಲ್ಲ.

ಡಮ್ಮಿ ಇದ್ದರೂ ಬೆನ್ನಿನ ಅಂಚಿಗೆ ಸರಿಯಾಗಿ ಬಣ್ಣ ಬದಲಿಸುವ ವಿನ್ಯಾಸ ನನಗೆ ಒಪ್ಪಿಗೆಯಿಲ್ಲ. ಸಾವಿರ ಪ್ರತಿಯಲ್ಲಿ ಮಡಿಕೆ ಎಲ್ಲದಕ್ಕೂ ಒಂದೇ ಕಡೆ ಬೀಳುವುದಿಲ್ಲ, ಅರ್ಧ-ಒಂದು ಮಿಲಿಮೀಟರ್ ಅತ್ತಿತ್ತ ಆಗಿಯೇ ಆಗುತ್ತದೆ. ಬಣ್ಣವನ್ನು ಮುಂಬದಿಯಿಂದ ಬೆನ್ನು ದಾಟಿಸಿ ಹಿಂಬದಿಗೆ ಹರಿಸಿದರೆ ಆ ಸರಿತ ಯಾರ ಕಣ್ಣಿಗೂ ಬೀಳದು. ಬ್ಲೀಡ್ ಬಿಡುವುದೂ ಇದೇ ಕಾರಣಕ್ಕೆ. ಕಟಿಂಗ್ ಮಷಿನ್ನಿನ ಬ್ಲೇಡಿನ ಕೆಳಗೆ ಪುಸ್ತಕದ ಗಡ್ಡಿ ಕೂದಲೆಳೆಯಷ್ಟು ಜಾರಿದರೂ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಹೊರಗೆ ಮೂರು ಮಿ.ಮೀ. ಹೆಚ್ಚಿಗೆ ಬಣ್ಣವಿದ್ದರೆ ಮೂಡದು. ಒಳಗಡೆಯೂ ಅಷ್ಟೇ ಎಚ್ಚರ ಬೇಕು: ಲೇಖಕರ ಹೆಸರು, ಬೆಲೆ, ಪ್ರಕಾಶನದ ಮುದ್ರೆ ಯಾವುದೂ ಅಂಚಿಗೆ ಐದು ಮಿ.ಮೀ.ಗಿಂತ ಹತ್ತಿರ ಹೋಗಬಾರದು.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಎಷ್ಟೋ ಮುಖಪುಟಗಳಲ್ಲಿ ಬಣ್ಣ ಅಂಚನ್ನು ಮುಟ್ಟುವುದೇ ಇಲ್ಲ. ಸತುವಿನ ಬ್ಲಾಕು ನಡುವೆ, ಸುತ್ತ ಕಾಗದದ ಬಿಳಿ, ಎರಡೇ ಶಾಯಿ. ಅವನ್ನು ನೋಡಿದಾಗೆಲ್ಲ ಮನಸ್ಸು ತಣಿಯುತ್ತದೆ. ಅಂಚಿನವರೆಗೆ ಬಣ್ಣ ಬಳಿಯಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬಿಳಿ ಬಿಟ್ಟರೆ ಬ್ಲೀಡಿನ ಚಿಂತೆಯೇ ಇಲ್ಲ. ಕವನ ಸಂಕಲನಕ್ಕೆ ನಾನು ಇದನ್ನೇ ಒತ್ತಾಯಿಸುತ್ತೇನೆ.

ಇನ್ನು ಬೆನ್ನಿನ ಮೇಲಿನ ಅಕ್ಷರ. ಇಂಗ್ಲಿಷಿನ ಅಳತೆಪಟ್ಟಿಗಳು ನಮಗೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಗದಗ’ ಎಂದು ಬರೆದು ನೋಡಿ, ಮೂರೂ ಅಕ್ಷರ ಸಾಲಿನ ಮೇಲೇ ನಿಲ್ಲುತ್ತವೆ, ಕೆಳಗೆ ಏನೂ ಇಳಿಯುವುದಿಲ್ಲ. ಅದರ ಪಕ್ಕ ‘ಲಕ್ಷ್ಮೇಶ್ವರ’ ಬರೆಯಿರಿ. ಕಕಾರದ ಕೆಳಗೆ ಷಕಾರ, ಮಕಾರ ಎರಡೂ ಒತ್ತು, ಮುಂದೆ ಶಕಾರಕ್ಕೆ ವಕಾರದ ಒತ್ತು. ಅದೇ ಪಾಯಿಂಟಿನಲ್ಲಿ ಇದು ಕೇಳುವ ಜಾಗ ಎಷ್ಟೋ ಹೆಚ್ಚು. ‘ಸೆಂಟರ್’ ಬಟನ್ ಒತ್ತಿದರೆ ಸಾಫ್ಟ್‌ವೇರ್ ಒತ್ತಕ್ಷರದ ಬಾಲವನ್ನೂ ಲೆಕ್ಕಕ್ಕೆ ಹಿಡಿದು ನಡು ಹುಡುಕುತ್ತದೆ, ಅಕ್ಷರಗಳ ಮೈ ಬೆನ್ನಿನ ಒಂದು ಮಗ್ಗುಲಿಗೆ ಸರಿದು ನಿಲ್ಲುತ್ತದೆ. ಮೈಯನ್ನು ನಡುಗೆರೆಗೆ ತಂದು, ಒತ್ತುಗಳಿಗೆಂದು ಕೂದಲೆಳೆಯಷ್ಟು ಹಿಂದೆ ಸರಿಸಿ, ಕಣ್ಣಳತೆಯಲ್ಲೇ ಕೂರಿಸಬೇಕು. ಎಂಟು ಮಿ.ಮೀ. ಬೆನ್ನಿನಲ್ಲಿ ಎರಡೂ ಕಡೆ ಒಂದೂವರೆ ಬಿಟ್ಟರೆ ಉಳಿಯುವುದು ಐದು; ಹದಿನಾಲ್ಕು ಪಾಯಿಂಟೆಂದರೆ ಸುಮಾರು ಅಷ್ಟೇ. ಒತ್ತಿನ ಮೇಲೆ ಒತ್ತು ಬರುವ ಶೀರ್ಷಿಕೆಯಾದರೆ ಹನ್ನೆರಡಕ್ಕೆ ಇಳಿಯಬೇಕಾಗುತ್ತದೆ. ಶೀರ್ಷಿಕೆಯನ್ನು ಕಲಾವಿದರೇ ಕೈಯಿಂದ ಬರೆಯುತ್ತಿದ್ದಾಗ ಈ ಪೇಚಿರಲಿಲ್ಲ. ಒತ್ತನ್ನು ಮೊಟಕುಮಾಡಿ, ಮೇಲಿನ ಅಕ್ಷರದ ಹೊಟ್ಟೆಗೆ ತಾಗಿಸಿ, ಇದ್ದ ಜಾಗದಲ್ಲಿ ಹೊಂದಿಸುತ್ತಿದ್ದರು. ಟಿ.ಪಿ. ಅಕ್ಕಿಯವರು ಗದಗದಲ್ಲಿ ಕಟ್ಟಿದ ವಿಜಯ ಕಲಾಮಂದಿರದಂಥ ಕಲಾಶಾಲೆಗಳಿರುವ ಜಿಲ್ಲೆಯಲ್ಲಿ ಆ ಕೈಬರಹ ಮತ್ತೆ ಪುಸ್ತಕಕ್ಕೆ ಬರಬೇಕೆಂದು ನನ್ನ ಆಸೆ.

ನೂರು ಪುಟದ ಕವನ ಸಂಕಲನಕ್ಕೆ ಮ್ಯಾಪ್‌ಲಿಥೊ ಹಾಕಿದರೆ ಬೆನ್ನು ಐದು ಮಿ.ಮೀ., ಹೆಸರು ಕೂರುವುದೇ ಇಲ್ಲ. ಬಲ್ಕಿ ಹಾಕಿದರೆ ಆರು ದಾಟುತ್ತದೆ, ಹತ್ತು ಪಾಯಿಂಟಿನಲ್ಲಿ ಕವಿಯ ಹೆಸರಾದರೂ ನಿಲ್ಲುತ್ತದೆ. ಬಲ್ಕಿಗೆ ಬೆಲೆ ಹೆಚ್ಚಾದರೂ ಕೊಡಿ ಎನ್ನುತ್ತೇನೆ. ಬೆನ್ನು ಬರಿದಾದ ಸಂಕಲನ ಕಪಾಟು ಸೇರಿದ ದಿನದಿಂದ ಯಾರ ಕೈಗೂ ಸಿಗುವುದಿಲ್ಲ.

ಬರೆಯುವ ದಿಕ್ಕಿನ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಕೆಲವರು ಮೇಲಿಂದ ಕೆಳಕ್ಕೆ, ಕೆಲವರು ಕೆಳಗಿನಿಂದ ಮೇಲಕ್ಕೆ. ಕಪಾಟಿನ ಮುಂದೆ ನಿಂತವನ ಕುತ್ತಿಗೆಗೆ ಎರಡೂ ಕಡೆ ವ್ಯಾಯಾಮ. ಮೇಲಿಂದ ಕೆಳಕ್ಕೆ ಬರೆದರೆ ಪುಸ್ತಕವನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟಾಗಲೂ ಬೆನ್ನು ನೇರವಾಗಿ ಓದಿಸಿಕೊಳ್ಳುತ್ತದೆ. ನಾನು ಅದನ್ನೇ ಪಾಲಿಸುತ್ತೇನೆ. ಕುಮಾರವ್ಯಾಸ ಭಾರತದಂಥ ದಪ್ಪ ಗ್ರಂಥವಾದರೆ ಅಡ್ಡಡ್ಡವಾಗಿಯೇ ಬರೆಯಬಹುದು. ‘ಕುಮಾರವ್ಯಾಸ’ ಒಂದು ಸಾಲು, ‘ಭಾರತ’ ಇನ್ನೊಂದು ಸಾಲು, ಕುತ್ತಿಗೆ ವಾಲಿಸುವ ಕೆಲಸವೇ ಇಲ್ಲ. ಸಂಪುಟಗಳ ಮಾತು ಬಂದರೆ ನೆನಪಾಗುವುದು ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಅದನ್ನು ಹುಟ್ಟುಹಾಕಿದ ಜಿ.ಬಿ. ಜೋಶಿಯವರು ನಮ್ಮ ಹೊಂಬಳದವರು, ಅದರ ಬೆನ್ನಿಗೆ ನಿಂತ ಕೀರ್ತಿನಾಥ ಕುರ್ತಕೋಟಿಯವರ ಹೆಸರಿನಲ್ಲಿರುವುದು ನಮ್ಮ ಪಕ್ಕದೂರು. ಕುರ್ತಕೋಟಿಯವರು ಸಂಪಾದಿಸಿದ ‘ನಡೆದು ಬಂದ ದಾರಿ’ ಮೂರು ಸಂಪುಟದ್ದು. ಅಂಥ ಸಂಪುಟಗಳಲ್ಲಿ ಒಂದೊಂದರ ದಪ್ಪ ಒಂದೊಂದು ಇರುತ್ತದೆ. ಹೆಸರು ಮತ್ತು ಸಂಪುಟ ಸಂಖ್ಯೆ ಮಾತ್ರ ಬೆನ್ನಿನ ಮೇಲ್ತುದಿಯಿಂದ ಒಂದೇ ಎತ್ತರದಲ್ಲಿ ನಿಲ್ಲಬೇಕು. ಕೆಳತುದಿಯಲ್ಲಿ ಒಂದೂವರೆ ಇಂಚು ಏನನ್ನೂ ಇಡಬೇಡಿ. ಗ್ರಂಥಾಲಯದವರು ನಂಬರಿನ ಚೀಟಿ ಅಂಟಿಸುವುದು ಅಲ್ಲೇ. ಎಷ್ಟೋ ಪ್ರಕಾಶಕರ ಹೆಸರು ಆ ಚೀಟಿಯ ಅಡಿಯಲ್ಲಿ ಮುಚ್ಚಿಹೋಗಿದೆ.

ಫೈಲು ಕೊಡುವಾಗಿನ ಮಾತು ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊದಿಕೆಗೆಲ್ಲ ಕೋರಲ್‌ಡ್ರಾ, ಅಕ್ಷರಕ್ಕೆ ನುಡಿ ಫಾಂಟು. ಅಕ್ಷರವನ್ನು ಕರ್ವ್ಸ್‌ಗೆ ತಿರುಗಿಸದೆ ಕಳಿಸಿದರೆ ಆಚೆಯ ಕಂಪ್ಯೂಟರಿನಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ತಿರುಗಿಸುವ ಮುಂಚಿನ ಪ್ರತಿಯೊಂದನ್ನು ಉಳಿಸಿಕೊಳ್ಳಿ, ಎರಡನೆಯ ಮುದ್ರಣಕ್ಕೆ ಬೇಕಾಗುತ್ತದೆ. ಬಣ್ಣ ಸಿಎಂವೈಕೆ, ಚಿತ್ರ 300 ಡಿಪಿಐ, ಪಿಡಿಎಫ್‌ನಲ್ಲಿ ಬ್ಲೀಡೂ ಕತ್ತರಿ ಗುರುತೂ ಇರಲಿ. ಬೆನ್ನುಡಿಯ ಸಣ್ಣ ಅಕ್ಷರ ಕಪ್ಪು ಶಾಯಿ ಒಂದರಲ್ಲೇ ಇರಬೇಕು. ನಾಲ್ಕೂ ಶಾಯಿ ಬೆರೆಸಿದ ಕಪ್ಪಾದರೆ ಪ್ಲೇಟು ತುಸು ಸರಿದರೂ ಒತ್ತಕ್ಷರದ ಸಂದು ಮುಚ್ಚಿ ಕಲೆಯಾಗುತ್ತದೆ. ಐಎಸ್‌ಬಿಎನ್ ಬಾರ್‌ಕೋಡನ್ನು ಬಿಳಿಯ ಮೇಲೆ ಕಪ್ಪಿನಲ್ಲೇ ಇಡಿ. ಚಂದ ಕಾಣಲೆಂದು ಕೆಂಪು ಮಾಡಿದರೆ, ಕೆಂಪು ಬೆಳಕಿನ ಸ್ಕ್ಯಾನರಿಗೆ ಅದು ಕಾಣುವುದೇ ಇಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನ ಕೊಡುತ್ತದೆ, ಮುಖಪುಟದ ವಿನ್ಯಾಸಕ್ಕೂ ಕೊಡುತ್ತದೆ. ಕಲಾವಿದರನ್ನು ಗುರುತಿಸುವ ಒಳ್ಳೆಯ ಪದ್ಧತಿ. ಅದರ ತೀರ್ಪುಗಾರರಲ್ಲಿ ನನ್ನದೊಂದು ಬಿನ್ನಹ: ಬಂದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ನೋಡುವುದರ ಜೊತೆಗೆ ಒಮ್ಮೆ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ನಾಲ್ಕು ಹೆಜ್ಜೆ ದೂರದಿಂದ ಹೆಸರುಗಳನ್ನು ಓದಿ ನೋಡಿ, ಅದಕ್ಕೂ ಅಂಕ ಕೊಡಿ.