ಬಾದಾಮಿಯ ಕೆಂಗಲ್ಲು

ಅನಾದಿ ಜಲಪ್ರವಾಹಗಳು ಪದರಪದರವಾಗಿ ತಂದೊಟ್ಟಿದ ಮರಳು ಕಾಲಾಂತರದಲ್ಲಿ ಗಟ್ಟಿಗೊಂಡು, ಕಬ್ಬಿಣದಂಶದಿಂದ ರಕ್ತವರ್ಣವನ್ನು ತಾಳಿ, ಉಳಿಗೆ ಮಣಿಯುವಷ್ಟು ಮೃದುವೂ ಶತಮಾನಗಳ ಬಿಸಿಲುಮಳೆಗಳನ್ನು ಸಹಿಸುವಷ್ಟು ದೃಢವೂ ಆದುದರ ಫಲವೇ ಬಾದಾಮಿಯ ಮರಳುಗಲ್ಲು. ಅಣ್ಣನಾದ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಮಂಗಳೇಶನು ವಿಷ್ಣುವಿಗಾಗಿ ಕೊರೆಯಿಸಿದ ಮೂರನೆಯ ಗುಹೆಯನ್ನು ಹೊಕ್ಕು ಅಲ್ಲಿಯ ಕಂಬಗಳನ್ನು ಸಮೀಪದಿಂದ ನಿಟ್ಟಿಸಬೇಕು. ತಿಳಿಹಳದಿ, ನಸುಗೆಂಪು, ಊದಾ ಛಾಯೆಯ ರೇಖೆಗಳು ಒಂದು ಕಂಬದಲ್ಲಿ ಅಡ್ಡಲಾಗಿ ಸಾಗಿ, ನಡುವಣ ಶೂನ್ಯವನ್ನು ದಾಟಿ, ಮುಂದಿನ ಕಂಬದಲ್ಲಿ ಅದೇ ಮಟ್ಟದಲ್ಲಿ ಮರಳಿ ತೋರುತ್ತವೆ. ಒಂದೇ ಬಂಡೆಯಿಂದ ಬಿಡಿಸಿದ ಮಂಟಪಕ್ಕಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದುದಕ್ಕೆ ಈ ಭಾಗ್ಯವೆಲ್ಲಿಯದು!

ಇದೇ ಜಾತಿಯ ಕಲ್ಲನ್ನು ಸೀಳಿ, ಗಾರೆಯ ಹಂಗಿಲ್ಲದೆ ಜೋಡಿಸುವ ವಿದ್ಯೆ ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ, ಎರಡನೆಯ ವಿಕ್ರಮಾದಿತ್ಯನ ಕಾಂಚೀವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿ ಎತ್ತಿಸಿದ ವಿರೂಪಾಕ್ಷ ದೇಗುಲದಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ನೆರೆಯ ಇಳಕಲ್ಲಿನ ಗ್ರಾನೈಟು ಕನ್ನಡಿಯಂತೆ ಹೊಳೆಯುವುದು ನಿಜ. ಆದರೆ ನನ್ನ ಮನಸ್ಸು ಒಲಿದಿರುವುದು ಬೆಳಕನ್ನು ಹೀರಿಕೊಂಡು ಮೂರ್ತಿಗಳ ಕೆನ್ನೆ, ತೋಳುಗಳಿಗೆ ಮಾಂಸಲತೆಯನ್ನೀಯುವ ಈ ಕೆಂಗಲ್ಲಿಗೆ. ನೀರು ಇಳಿದ ಕಡೆ ಇದರ ಪದರಗಳು ಸಡಿಲಗೊಂಡು ಚಕ್ಕೆಯೇಳುತ್ತವೆ. ಆದುದರಿಂದ ಇದನ್ನು ಕಾಯುವವರು ಮೊದಲು ಕಾಯಬೇಕಾದುದು ಮಳೆನೀರಿನ ದಾರಿಯನ್ನು.