ನಿಂಬೆರಸ ಹೇಳುವ ಸುಳ್ಳು

ಲಾಲಾರಸದ ಅಮೈಲೇಸ್ ಪಿಷ್ಟವನ್ನು ಒಡೆಯುವುದನ್ನು ಅಯೋಡಿನ್‌ನಿಂದ ಪರೀಕ್ಷಿಸುವುದು ಶಾಲೆಗಳಲ್ಲಿ ರೂಢಿ. ಭತ್ತದ ನಾಡಾದ ಸಿಂಧನೂರಿನಲ್ಲಾಗಲಿ, ನೆರೆಯ ಮಸ್ಕಿ, ಲಿಂಗಸುಗೂರುಗಳಲ್ಲಾಗಲಿ ಅನ್ನದ ಗಂಜಿಗೆ ಕೊರತೆಯಿಲ್ಲ. ಆಮ್ಲತೆಯ ಪರಿಣಾಮ ತೋರಿಸಲು ಮಾತ್ರ ಕೈಗೆ ಸಿಕ್ಕ ನಿಂಬೆರಸ ಸುರಿಯುತ್ತೇವೆ. ಎಡವುವುದು ಇಲ್ಲೇ. ಅಮೈಲೇಸ್ ಚುರುಕಾಗಿರುವುದು ಪಿ.ಎಚ್. 7ರ ಆಸುಪಾಸಿನಲ್ಲಿ, ನಿಂಬೆರಸದ್ದು ಸುಮಾರು 2ರಿಂದ 3. ಕಿಣ್ವ ಕೆಲಸ ನಿಲ್ಲಿಸಿ ನೀಲಿ ಬಣ್ಣ ಉಳಿಯಬೇಕು. ಆದರೆ ರಸದಲ್ಲಿರುವ 'ಸಿ' ಜೀವಸತ್ವವು ಹಾಕಿದ ಒಂದೆರಡು ಹನಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಆಗಿ ಅಪಕರ್ಷಿಸುತ್ತದೆ. ನೀಲಿ ಮಾಯ! "ಆಮ್ಲದಲ್ಲೂ ಪಿಷ್ಟ ಜೀರ್ಣವಾಯಿತು" ಎಂದು ವಿದ್ಯಾರ್ಥಿ ಬರೆದರೆ ತಪ್ಪು ಅವನದಲ್ಲ, ಕಂಡದ್ದನ್ನು ಬರೆದಿದ್ದಾನೆ. ಸುಣ್ಣದ ತಿಳಿಯೂ ಅಯೋಡಿನ್ನಿನ ಬಣ್ಣ ಕಳೆಯುತ್ತದೆ. ನಿಂಬೆಯ ಬದಲು ವಿನೆಗರ್ ಬಳಸಿ. ಪ್ರತಿ ಪ್ರನಾಳಕ್ಕೂ ಲಾಲಾರಸವಿಲ್ಲದ ಜೋಡಿಯೊಂದನ್ನು ಇಡಿ. ಅದರಲ್ಲೂ ನೀಲಿ ಕಾಣದಿದ್ದರೆ ಕಿಣ್ವದ ಮಾತೆತ್ತುವಂತಿಲ್ಲ.