ಹೋರ್ಟಾ ಮತ್ತು ಸೇಲಂನ ಬಿಳಿಕಲ್ಲು

ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯೊಂದಕ್ಕೆ ಮನಸೋತವನ ಭಕ್ತಿಯ ಯೋಗ್ಯತೆಯನ್ನು ಅಳೆಯಬೇಕಾದರೆ, ಅವನು ಯಾವ ಕಂತನ್ನು ಏತಕ್ಕಾಗಿ ಮೆಚ್ಚುತ್ತಾನೆ, ಯಾವುದನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಬಲ್ಲನು ಎಂಬುದನ್ನೇ ಮೊದಲು ಕೇಳಬೇಕು. ಸೇಲಂ, ಧರ್ಮಪುರಿ ಜಿಲ್ಲೆಗಳ ಜನಕ್ಕೆ ಈ ಮಾನದಂಡವು ಹೊಸತೇನಲ್ಲ. ದ್ರೌಪದಿಯಮ್ಮನ ಗುಡಿಯ ಬಯಲಿನಲ್ಲಿ ಬೆಳಗಿನ ತನಕ ನಡೆಯುವ ತೆರುಕ್ಕೂತ್ತೆಂಬ ಬಯಲಾಟಕ್ಕೆ ಕಂಬಳಿ ಹೊದ್ದು ಬಂದು ಕೂರುವ ರೈತನಿಗೆ ಭಾರತದ ಕಥೆ ಮೊದಲೇ ಗೊತ್ತಿರುತ್ತದೆ. ತೆರೆಯ ಹಿಂದಿನಿಂದ ದುರ್ಯೋಧನನು ಪ್ರವೇಶಿಸುವಾಗ ಹೆಜ್ಜೆಯಲ್ಲಿ ರಾಜಗಾಂಭೀರ್ಯವಿದ್ದಿತೆ, ಸೀರೆಗೆ ಕೈಯಿಕ್ಕುವ ದುಶ್ಶಾಸನನ ದನಿಯಲ್ಲಿ ಪಾಪದ ಅಳುಕು ಕೇಳಿಸಿತೆ ಎಂಬುದನ್ನು ಪರೀಕ್ಷಿಸಲೆಂದೇ ಅವನು ನಿದ್ದೆಗೆಟ್ಟು ಕುಳಿತಿರುತ್ತಾನೆ. ಅಭಿಮಾನವೂ ವಿಮರ್ಶೆಯೂ ಅವನಲ್ಲಿ ಬೇರೆಬೇರೆಯಾಗಿಲ್ಲ.

1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಮೊದಲಾಗಿ, 79 ಕಂತುಗಳನ್ನು ಕಂಡು, 1969ರಲ್ಲಿ ನಿಂತುಹೋದ ‘ಸ್ಟಾರ್ ಟ್ರೆಕ್’ ಧಾರಾವಾಹಿಯು ನಮ್ಮ ದೂರದರ್ಶನದ ಭಾನುವಾರದ ಬೆಳಗಿಗೆ ಬಂದದ್ದು 1980ರ ದಶಕದಲ್ಲಿ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುವ ಸೇಲಂನ ದೇವಾಂಗ ನೇಕಾರರ ಮಕ್ಕಳಿಗಾಗಲಿ, ಪೆನ್ನಾಗರಂ ಕಡೆಯ ಕನ್ನಡಿಗರಿಗಾಗಲಿ ಅದರ ಇಂಗ್ಲಿಷು ಮೂರನೆಯ ಭಾಷೆಯಾಗಿದ್ದುದರಿಂದ, ಅಲ್ಲಿಯ ಪ್ರೇಕ್ಷಕನು ಮಾತಿಗಿಂತ ಮುಖಭಾವವನ್ನೂ ಸಂದಿಗ್ಧ ಸನ್ನಿವೇಶದ ಕಟ್ಟನ್ನೂ ನೆಚ್ಚಿಕೊಂಡೇ ನೋಡಬೇಕಾಗಿತ್ತು. ಇದು ನಷ್ಟವೆಂದು ನಾನು ಎಣಿಸುವುದಿಲ್ಲ. ರಟ್ಟಿನ ಬಂಡೆಗಳೂ ಮಿಣುಕುವ ದೀಪಗಳೂ ಬೇಗನೆ ಸಪ್ಪೆಯಾಗುವಂಥವು; ಸ್ಪಾಕ್ ಎಂಬ ಅರೆಮಾನವನ ನಿಶ್ಚಲ ಮುಖದ ಹಿಂದೆ ನಡೆಯುತ್ತಿರುವ ತುಮುಲವನ್ನು ಗ್ರಹಿಸಿದವನಿಗೆ ಮಾತ್ರ ಆ ಧಾರಾವಾಹಿಯ ತಿರುಳು ದಕ್ಕುತ್ತದೆ.

ಆ ತಿರುಳನ್ನು ತೋರಿಸಲು ನಾನು ಆರಿಸುವುದು, ಜೀನ್ ಕೂನ್ ಬರೆದ, 1967ರ ಮಾರ್ಚ್ 9ರಂದು ಪ್ರಸಾರವಾದ ‘ದಿ ಡೆವಿಲ್ ಇನ್ ದಿ ಡಾರ್ಕ್’ ಎಂಬ ಕಂತನ್ನು. ಜೇನಸ್ ಎಂಬ ದೂರದ ಗ್ರಹದ ಗಣಿಗಳಲ್ಲಿ ಯಾವುದೋ ಪ್ರಾಣಿಯು ಬಂಡೆಯನ್ನು ಬೆಣ್ಣೆಯಂತೆ ಕೊರೆದು ಬಂದು ಗಣಿಗಾರರನ್ನು ಸುಟ್ಟು ಕೊಲ್ಲುತ್ತಿದೆ. ಅವರು ಅದನ್ನು ಪಿಶಾಚವೆಂದು ಕರೆದು ಸಂಹಾರಕ್ಕೆ ಸಿದ್ಧರಾಗುತ್ತಾರೆ. ಸಿಲಿಕಾನಿನಿಂದಾದ ಆ ಹೋರ್ಟಾ ಎಂಬ ಜೀವದ ಮೈಮುಟ್ಟಿ ಸ್ಪಾಕ್ ಅದರ ಮನಸ್ಸನ್ನು ಪ್ರವೇಶಿಸಿದಾಗ ಹೊರಬೀಳುವುದು ಒಂದು ತಾಯಿಯ ಆಕ್ರಂದನ: ಗಣಿಗಾರರು ನಿರುಪಯುಕ್ತ ಗುಂಡುಕಲ್ಲುಗಳೆಂದು ಸಾವಿರಗಟ್ಟಲೆಯಾಗಿ ಒಡೆದು ಎಸೆದವುಗಳೇ ಅದರ ಮೊಟ್ಟೆಗಳು. 50,000 ವರ್ಷಗಳಿಗೊಮ್ಮೆ ಆ ಕುಲವೆಲ್ಲ ಅಳಿದು, ಮುಂದಿನ ಪೀಳಿಗೆಯನ್ನು ಕಾಯಲು ಒಂದೇ ಒಂದು ತಾಯಿ ಉಳಿಯತಕ್ಕದ್ದೆಂಬುದು ಅಲ್ಲಿಯ ಸೃಷ್ಟಿನಿಯಮ.

ಸೇಲಂನಲ್ಲಿ ಕುಳಿತು ಇದನ್ನು ನೋಡುವುದಕ್ಕೂ ಬೇರೆಡೆಯಲ್ಲಿ ನೋಡುವುದಕ್ಕೂ ಅಂತರವುಂಟು. ಊರಿನ ಉತ್ತರಕ್ಕೆ, ಏರ್ಕಾಡಿನ ಬೆಟ್ಟದ ಬುಡದಲ್ಲಿ, ಮ್ಯಾಗ್ನಸೈಟ್ ಎಂಬ ಬಿಳಿಕಲ್ಲಿಗಾಗಿ ಅಗೆದ ಗುಡ್ಡಗಳಿವೆ. ಉಕ್ಕಿನ ಕುಲುಮೆಯ ಒಳಮೈಗೆ ಹಾಕುವ, ಉರಿಯನ್ನು ತಡೆಯಬಲ್ಲ ಇಟ್ಟಿಗೆಗಳಿಗೆ ಬೇಕಾಗುವ ಕಲ್ಲು ಅದು. ಅಗೆದ ಹಳ್ಳದ ಅಂಚಿನಲ್ಲಿ ಬೇಡದ ಕಲ್ಲನ್ನು ರಾಶಿಹಾಕಿರುವುದನ್ನು ದಿನವೂ ಕಂಡವನಿಗೆ, ಬೇಡದ್ದೆಂದು ಎಸೆದದ್ದು ಇನ್ನೊಬ್ಬರ ಸಂತಾನವಾಗಿರಬಹುದೆಂಬ ಕಲ್ಪನೆಯು ಕೇವಲ ಗಗನಯಾನದ ವಿನೋದವಾಗಿ ಉಳಿಯಲಾರದು.

ಈ ಮೆಚ್ಚಿಕೆಯ ಜೊತೆಗೇ ಹೇಳಲೇಬೇಕಾದ ಆಕ್ಷೇಪವೊಂದಿದೆ. ಕಂತಿನ ಕೊನೆಯಲ್ಲಿ ಒಂದು ಒಪ್ಪಂದವಾಗುತ್ತದೆ: ಹೋರ್ಟಾದ ಮರಿಗಳು ತಮ್ಮ ಪಾಡಿಗೆ ಬಂಡೆ ಕೊರೆಯುತ್ತ ಹೋಗುವುವು, ಹಿಂದಿನಿಂದ ಗಣಿಗಾರರು ಅದಿರನ್ನು ಬಾಚಿಕೊಂಡು ಶ್ರೀಮಂತರಾಗುವರು. ಎಲ್ಲರೂ ನಗುತ್ತಾರೆ. ಒಡೆದುಹೋದ ಮೊಟ್ಟೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಗ್ರಹವು ಯಾರದೆಂಬ ಪ್ರಶ್ನೆಯನ್ನು ಲಾಭದ ಸಂತೋಷವು ಮುಚ್ಚಿಬಿಡುತ್ತದೆ. ಅಷ್ಟು ದಿಟ್ಟವಾಗಿ ಕಣ್ಣು ತೆರೆಸಿದ ಲೇಖಕನು ಕಡೆಯ ಗಳಿಗೆಯಲ್ಲಿ ಧೈರ್ಯಗೆಟ್ಟನೆಂದೇ ನನ್ನ ನಿರ್ಣಯ. ಇದನ್ನು ಕಾಣದ ಅಭಿಮಾನಿಯು ಕೃತಿಯನ್ನು ಅರ್ಧವೇ ನೋಡಿದವನು. ನಾವಿಕರ ಹೆಸರನ್ನೂ ನೌಕೆಯ ಸಂಖ್ಯೆಯನ್ನೂ ಒಪ್ಪಿಸುತ್ತ, ‘ಸ್ಪಾಕ್ಸ್ ಬ್ರೇನ್’ನಂತಹ ಬಡಕಲು ಕಂತನ್ನೂ ಸಮಾನ ಗೌರವದಿಂದ ಸಮರ್ಥಿಸುವ ಭಕ್ತಿಯ ವಿಷಯವಾಗಿ ಹೆಚ್ಚು ಹೇಳಬೇಕಾದ್ದಿಲ್ಲ.

ಹಾಗೆಂದು ಅಭಿಮಾನಿಗಳ ಋಣವನ್ನು ಅಲ್ಲಗಳೆಯುವಂತಿಲ್ಲ. ಎರಡನೆಯ ವರ್ಷದ ಕೊನೆಗೆ ನಿಲ್ಲಲಿದ್ದ ಧಾರಾವಾಹಿಯು ಮೂರನೆಯ ವರ್ಷವನ್ನು ಕಂಡದ್ದರಲ್ಲಿ, ಟ್ರಿಂಬಲ್ ದಂಪತಿಗಳ ಮುಂದಾಳುತನದಲ್ಲಿ ಪ್ರೇಕ್ಷಕರು ಬರೆದ ಅಪಾರ ಪತ್ರಗಳ ಪಾಲಿದೆ. 1976ರಲ್ಲಿ ಅಮೆರಿಕದ ಮೊದಲ ಷಟಲ್ ನೌಕೆಗೆ ಧಾರಾವಾಹಿಯ ಅಂತರಿಕ್ಷನೌಕೆಯದೇ ‘ಎಂಟರ್‌ಪ್ರೈಸ್’ ಎಂಬ ಹೆಸರು ಬಂದುದೂ ಅಂತಹವೇ ಪತ್ರಗಳಿಂದ. ಕಾಗದ, ಅಂಚೆಚೀಟಿ, ತಾಳ್ಮೆ, ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಕಲೆಯೊಂದನ್ನು ಉಳಿಸಿಕೊಂಡ ಪ್ರೇಕ್ಷಕವರ್ಗಕ್ಕೆ ನನ್ನ ಮನಃಪೂರ್ವಕ ಗೌರವವು ಸಲ್ಲುತ್ತದೆ.

ನನ್ನ ಕೊರಗು ಇನ್ನೊಂದು. ಅಷ್ಟು ದೂರದ ನೌಕೆಯನ್ನು ಹಿಂಬಾಲಿಸಿದ ಈ ಸೀಮೆಯ ಅಭಿಮಾನಿಯು ಮಗ್ಗುಲಲ್ಲೇ ಹುಟ್ಟಿದ ಜೀನೋ ಎಂಬ ಯಂತ್ರದ ನಾಯಿಯನ್ನು ಅಷ್ಟೇ ಶ್ರದ್ಧೆಯಿಂದ ತೂಗಿನೋಡಿದಂತೆ ಕಾಣೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ಇಂಜಿನಿಯರಾಗಿದ್ದು, ವಿದ್ಯುನ್ಮಾನ ಮತಯಂತ್ರದ ನಿರ್ಮಾಣದಲ್ಲಿ ದುಡಿದ ತಮಿಳು ಲೇಖಕ ಸುಜಾತಾ ಅವರು ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಬರೆದ ‘ಎನ್ ಇನಿಯ ಇಯಂದಿರಾ’ ಕಾದಂಬರಿಯು ಮುಂದೆ ದೂರದರ್ಶನದ ಧಾರಾವಾಹಿಯೂ ಆಯಿತು. ಜೀವಾ ಎಂಬ ಸರ್ವಾಧಿಕಾರಿಯ ಆಳ್ವಿಕೆಯ 2021ರ ಭಾರತದಲ್ಲಿ, ಗಂಡನನ್ನು ಕಳೆದುಕೊಂಡು ಹುಡುಕುವ ನಿಲಾ ಎಂಬ ಸಾಮಾನ್ಯ ಹೆಣ್ಣಿಗೆ ನೆರವಾಗುವುದು ಈ ಜೀನೋ. ಸ್ಪಾಕ್ ತನ್ನೊಳಗಿನ ಮನುಷ್ಯತ್ವವನ್ನು ಅದುಮಿಡಲು ಹೆಣಗಿದರೆ, ಜೀನೋ ಪುಸ್ತಕಗಳನ್ನು ಓದಿ ಓದಿ, ಕೊಟ್ಟ ಅಪ್ಪಣೆಯನ್ನು ಮೀರಿ ಯೋಚಿಸತೊಡಗುತ್ತದೆ. ದೃಶ್ಯದ ಅದ್ದೂರಿಯಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಆದರೆ ಪ್ರಭುತ್ವಕ್ಕೆ ಕೇಳತಕ್ಕ ಪ್ರಶ್ನೆಯನ್ನು ಲಾಭದ ಒಪ್ಪಂದದಲ್ಲಿ ಕರಗಿಸಿಬಿಡದೆ ಕಡೆಯವರೆಗೂ ಕೇಳುವ ಎದೆಗಾರಿಕೆಯಲ್ಲಿ ಸುಜಾತಾ ಅವರ ನಾಯಿಯನ್ನೇ ನಾನು ಮೇಲೆಂದು ಬಗೆಯುತ್ತೇನೆ.